ಶೋಕೇಸಲ್ಲಿರೋ ಪುಟ್ಟ ಫಿರಂಗಿಯ ಜಾತಕ

ಮನೆಗೆ ಬಂದೋರೆಲ್ಲ ಕೇಳೋದು ಒಂದೇ, ಇದು ಎಲ್ಲೀದು, ಎಷ್ಟು ಹಳೇದು ಅಂತ. ಒಂದು ಗೇಣುದ್ದದ ಹಿತ್ತಾಳೆ ಬಣ್ಣದ ನಳಿಗೆ, ಮರದ ಗಾಡಿ, ಕಡ್ಡಿ ಇರೋ ಎರಡು ದೊಡ್ಡ ಚಕ್ರ, ನಳಿಗೆ ಮೇಲೆ ಕಿರೀಟ, ಅದರ ಕೆಳಗೆ ಜಿ ಆರ್ ಅಂತ ಅಕ್ಷರ, ಜೊತೆಗೆ 3. ಇಷ್ಟು ನೋಡಿದ್ರೆ ಸಾಕು, ಯಾರೋ ಒಬ್ರು "ಜಿ ಆರ್ ಅಂದ್ರೆ ಜಾರ್ಜ್ ರೆಕ್ಸ್, ಇದು ಬ್ರಿಟನ್ ರಾಜ ಮೂರನೇ ಜಾರ್ಜ್ ಕಾಲದ್ದು, 1760ರಿಂದ 1820ರ ಒಳಗಿಂದು" ಅಂತ ತೀರ್ಪು ಕೊಟ್ಟೇ ಬಿಡ್ತಾರೆ. ಸ್ವಾಮಿ, ಆ ಮುದ್ರೆಯಿಂದ ಗೊತ್ತಾಗೋದು ಯಾವ ಫಿರಂಗಿ ನೋಡ್ಕೊಂಡು ಇದನ್ನ ಮಾಡಿದ್ರು ಅಂತ ಅಷ್ಟೆ. ಈ ಮಾಡೆಲ್‌ನ ಯಾವಾಗ ಮಾಡಿದ್ರು ಅನ್ನೋದು ಬೇರೇನೇ ಪ್ರಶ್ನೆ, ಅದಕ್ಕೆ ನೋಡ್ಬೇಕಾದ ಜಾಗಾನೂ ಬೇರೆ.

ಮೊದಲನೇ ಪ್ರಶ್ನೆಗೆ ನಳಿಗೆಯ ಆಕಾರ ನೋಡಿ. ನಂದ್ರಲ್ಲಿ ಹಿಂದಿನ ಗುಬಟಿನ ಮೇಲೆ ಒಂದು ಬಳೆ ಇದೆ. 18ನೇ ಶತಮಾನದ ಕೊನೇಲಿ ಬಂದ ಬ್ಲೋಮ್‌ಫೀಲ್ಡ್ ಮಾದರಿಯ ಬ್ರಿಟಿಷ್ ಹಡಗು ಫಿರಂಗಿಗಳ ಗುರುತೇ ಅದು, ಗುಂಡು ಹಾರಿದಾಗ ಫಿರಂಗಿ ತೀರಾ ಹಿಂದಕ್ಕೆ ಓಡ್ಬಾರ್ದು ಅಂತ ದಪ್ಪ ಹಗ್ಗಾನ ಆ ಬಳೆಯೊಳಗೆ ಹಾಯಿಸಿ ಹಡಗಿನ ಗೋಡೆಗೆ ಕಟ್ತಿದ್ರು. ಸರಿ, ಆದ್ರೆ ಹಡಗಲ್ಲಿ ಇರ್ತಿದ್ದದ್ದು ನಾಲ್ಕು ಗಿಡ್ಡ ಚಕ್ರದ ಮೆಟ್ಟಿಲು ಮೆಟ್ಟಿಲಾದ ಗಾಡಿ, ಕಡ್ಡಿ ಚಕ್ರ ಇರೋದು ಮೈದಾನದ ಫಿರಂಗಿಗೆ! ನಳಿಗೆ ಸಮುದ್ರದ್ದು, ಗಾಡಿ ನೆಲದ್ದು. ಅಸಲಿ ಫಿರಂಗಿ ಗೊತ್ತಿದ್ದವನು ಹೀಗೆ ಮಾಡಲ್ಲ, ಚಂದ ಕಂಡ್ರೆ ಸಾಕು ಅನ್ನೋ ಅಲಂಕಾರದ ಮಾಲಲ್ಲೇ ಈ ಥರ ಕಲಬೆರಕೆ ಜಾಸ್ತಿ. ಬಳೆಪಟ್ಟಿ ಇಲ್ದೆ ನುಣ್ಣಗಿದ್ದು ಬಾಯಿ ಹತ್ರ ಮಾತ್ರ ಉಬ್ಬಿದ್ರೆ ಅಮೆರಿಕಾದ 1857ರ ನೆಪೋಲಿಯನ್ ಅನ್ನೋ ಫಿರಂಗಿಯ ಮಾದರಿ ಇರ್ಬಹುದು, ಹಿಂಭಾಗಕ್ಕೆ ದಪ್ಪ ಕಬ್ಬಿಣದ ಪಟ್ಟಿ ಸುತ್ತಿದಂಗಿದ್ರೆ ಅಮೆರಿಕಾದ ಅಂತರ್ಯುದ್ಧದ ಕಾಲದ ಪ್ಯಾರಟ್ ಫಿರಂಗಿಯ ನಕಲು.

ಎರಡನೇ ಪ್ರಶ್ನೆಗೆ ಉಲ್ಟಾ ಮಾಡಿ ಹೊಟ್ಟೆ ಕೆಳಗೆ ನೋಡಿ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದ ಮಧ್ಯದಲ್ಲಿ, ಎಲ್ಲಾ ಸ್ಕ್ರೂನೂ ಅದೇ ಆಗಿದ್ದು ಮರದ ತೂತಿಗೆ ಸರಿಯಾಗಿ ಕೂತಿದ್ರೆ ಮೂರನೇ ಜಾರ್ಜ್ ಕಥೆ ಅಲ್ಲಿಗೆ ಮುಗೀತು. ಒಂದೇ ಒಂದು ಇದ್ರೆ ಯಾರೋ ರಿಪೇರಿಗೆ ಹಾಕಿರ್ಬಹುದು. "ಮೇಡ್ ಇನ್ ಆಕ್ಯುಪೈಡ್ ಜಪಾನ್", ಅಂದ್ರೆ ಮಿತ್ರಪಡೆಗಳ ಹಿಡಿತದಲ್ಲಿದ್ದ ಜಪಾನಲ್ಲಿ ಮಾಡಿದ್ದು, ಅಂತಿದ್ರೆ ಎರಡನೇ ಮಹಾಯುದ್ಧ ಮುಗಿದ ಮೇಲಿಂದ 1952ರ ಒಳಗೆ. ಆಮೇಲೆ ಲೋಹ: ಮ್ಯಾಗ್ನೆಟ್ ಅಂಟಿದ್ರೆ ಒಳಗೆ ಕಬ್ಬಿಣ ಇದೆ, ಅಂಟದೇ ಇದ್ರೂ ಹಿತ್ತಾಳೆ ಅಂತ ಖುಷಿಪಡ್ಬೇಡಿ, ನಳಿಗೆ ಗಾಡಿ ಮೇಲೆ ಕೂರೋ ಕಡೆ ಉಜ್ಜಿ ಬೂದು ಬಣ್ಣ ಕಾಣ್ತಿದ್ರೆ ಅದು ಜಿಂಕ್ ಮೇಲೆ ಬರೀ ಹಿತ್ತಾಳೆ ಲೇಪ. ಅಕ್ಷರಗಳನ್ನ ಭೂತಗನ್ನಡಿ ಹಿಡ್ದು ನೋಡಿ, ಉಳಿಯಿಂದ ಕೆತ್ತಿದ್ರೆ ಅಂಚು ಚೂಪಾಗಿರತ್ತೆ, ನಂದ್ರಲ್ಲಿ ಕಿರೀಟದ ಮುತ್ತುಗಳೆಲ್ಲ ಕರಗಿದ ಸೋಪಿನ ಥರ ಒಂದಕ್ಕೊಂದು ಅಂಟ್ಕೊಂಡಿವೆ, ಅಂದ್ರೆ ಬಹುಶಃ ಎರಕದಿಂದ ಎರಕ ತೆಗೆದ ನಕಲು.

ಇನ್ನೊಂದು, ಇದು ತಮಾಷೆ ಅಲ್ಲ. ಬತ್ತಿ ಇಡೋ ತೂತು ಬರೀ ಗುಳಿಯೋ, ಇಲ್ಲ ಒಳಗಿನ ಕೊಳವೆ ತನಕ ಹೋಗಿದ್ಯೋ ನೋಡಿ. ಹೋಗಿದ್ರೆ ಅದು ಸಿಡಿಯೋ ಮಾಡೆಲ್ ಆಗಿರ್ಬಹುದು, ಮದ್ದು ಹಾಗೇ ಉಳಿದಿರ್ಲೂಬಹುದು. ಬಾಯಿ ನಿಮ್ಮ ಕಡೆ ತಿರುಗಿಸ್ಕೊಳ್ದೆ, ಪಕ್ಕದಲ್ಲಿ ನಿಂತು ಒಂದು ಮರದ ಕಡ್ಡಿ ಮೆಲ್ಲಗೆ ಬಿಡಿ, ಕುಟ್ಬೇಡಿ, ಬಾಯಿ ಹತ್ರ ಗುರುತು ಹಾಕಿ ಹೊರಗೆ ತೆಗೆದು ನಳಿಗೆ ಪಕ್ಕ ಹಿಡೀರಿ, ತುದಿ ಬತ್ತಿ ತೂತಿನ ತನಕ ಬರ್ಲಿಲ್ಲ ಅಂದ್ರೆ ಒಳಗೆ ಏನೋ ಇದೆ ಅಂತ್ಲೇ ಲೆಕ್ಕ, ಕೆದಕದೆ ತಿಳಿದೋರನ್ನ ಕರೀರಿ. ನಂದು ಬರೀ ಗುಳಿ, ಕೊಳವೆನೂ ಒಂದು ಬೆರಳು ಉದ್ದಕ್ಕೆ ನಿಂತೋಗತ್ತೆ, ಸ್ಕ್ರೂ ಎಲ್ಲಾ ಪ್ಲಸ್. ಮೇಜಿನ ಮೇಲೆ ಇಡೋಕೆ ಅಂತ್ಲೇ ಹುಟ್ಟಿದ 20ನೇ ಶತಮಾನದ ಮಾಲು, ಯಾವ ದೇಶದ್ದು ಅನ್ನೋಕೆ ಒಂದು ಮುದ್ರೆನೂ ಇಲ್ಲ. ಬ್ರಿಟಿಷ್ ಮುದ್ರೆ ಇದೆ ಅಂತ ಬ್ರಿಟನ್ ಅಂತೂ ನಾನು ಅನ್ನಲ್ಲ.