ಜನರ ಮಧ್ಯೆ ಬಟ್ಟೆ ಇಲ್ದೆ ನಿಂತಿರೋ ಕನಸು: ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ನಾನು ಕೌನ್ಸೆಲಿಂಗ್ ಮಾಡ್ತೀನಿ ಅಂತ ಗೊತ್ತಾದ ಕೂಡ್ಲೇ, ಮದುವೆ ಮನೆ ಆಗ್ಲಿ ಬಸ್ಸಿನ ಪಕ್ಕದ ಸೀಟಾಗ್ಲಿ, ಯಾರಾದ್ರೂ ಒಬ್ರು ದನಿ ತಗ್ಗಿಸಿ ಕೇಳೇ ಕೇಳ್ತಾರೆ, "ಮೇಡಂ, ಜನರ ಮಧ್ಯೆ ಮೈಮೇಲೆ ಬಟ್ಟೇನೇ ಇಲ್ದೆ ನಿಂತಿರೋ ಹಾಗೆ ಕನಸು ಬೀಳುತ್ತೆ, ಏನಿದರ ಅರ್ಥ?" ಕೇಳೋರ ಮನಸ್ಸಲ್ಲಿ ಎರಡು ಭಯ ಇರುತ್ತೆ, ಒಂದು ಇದು ಮುಂದೆ ಮರ್ಯಾದೆ ಹೋಗೋದರ ಸೂಚನೆ ಇರ್ಬಹುದಾ ಅಂತ, ಇನ್ನೊಂದು ನನ್ನೊಳಗೇ ಏನೋ ಕೆಟ್ಟ ಆಸೆ ಇದ್ಯಾ ಅಂತ. ಎರಡೂ ಅಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಈ ಭಯ ಹೊಟ್ಟೇಲಿಟ್ಕೊಂಡು ಗಂಡ ಹೆಂಡ್ತಿಗೂ ಹೇಳ್ದೆ ಒದ್ದಾಡಿದವರನ್ನ ನೋಡಿದೀನಿ, ಸಂಕಟ ಆಗುತ್ತೆ.

ಶಕುನದ ಮಾತು ಬಂದಾಗ ನಾನು ಆಯುರ್ವೇದದ ಹಳೇ ಗ್ರಂಥ ಚರಕ ಸಂಹಿತೆನೇ ತೋರಿಸ್ತೀನಿ. ಅದರ ಇಂದ್ರಿಯಸ್ಥಾನ ಅನ್ನೋ ಭಾಗದಲ್ಲಿ ಕನಸನ್ನ ಏಳು ಬಗೆ ಮಾಡಿದಾರೆ: ಕಂಡಿದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡಿದ್ದು, ಮುಂದಾಗೋದನ್ನ ತೋರ್ಸೋದು, ದೇಹದ ದೋಷದಿಂದ ಹುಟ್ಟೋದು. ಇದರಲ್ಲಿ ಮೊದಲ ಐದಕ್ಕೆ ಫಲ ಇಲ್ಲ ಅಂತ ವೈದ್ಯ ತಿಳ್ಕೋಬೇಕು ಅಂತ ಅಲ್ಲೇ ಬರೆದಿದೆ. ನಾಚಿಕೆ ಪಟ್ಟಿದ್ದು, ನಾಚಿಕೆ ಆಗ್ಬಹುದು ಅಂತ ಊಹಿಸ್ಕೊಂಡಿದ್ದು, ಎರಡೂ ಆ ಐದರೊಳಗೇ ಬಂತಲ್ಲ.

ಇನ್ನು ಇದು ನಿಮ್ಮೊಬ್ಬರಿಗೇ ಬೀಳೋ ಕನಸೂ ಅಲ್ಲ. 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೆನಡಾದ ಸಾವಿರಕ್ಕೂ ಹೆಚ್ಚು ಯೂನಿವರ್ಸಿಟಿ ವಿದ್ಯಾರ್ಥಿಗಳನ್ನ ಕೇಳಿದಾಗ ಹೆಚ್ಚುಕಮ್ಮಿ ಮೂರರಲ್ಲಿ ಒಬ್ರು ಇಂಥ ಕನಸು ಕಂಡಿದೀನಿ ಅಂದಿದ್ರು.

ಇದರ ಬಗ್ಗೆ ವಿವರವಾಗಿ ಬರೆದವನು ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ ಫ್ರಾಯ್ಡ್, ಕನಸುಗಳ ಬಗ್ಗೆ ಅವನ ಪುಸ್ತಕ ಹೊರಬಂದಿದ್ದು 1899ರ ಕೊನೇಲಿ. ಮೈಮೇಲೆ ಪೂರ್ತಿ ಬಟ್ಟೆ ಇಲ್ದೇ ಇರ್ಬೇಕು ಅಂತೇನಿಲ್ಲ, ಇರಬೇಕಾದ್ದು ಇಲ್ದೆ ಹೋದ್ರೂ ಅದೇ ಕನಸು ಅಂತಾನೆ, ಸೇನೇಲಿದ್ದವನಿಗೆ ಕತ್ತಿ ಇಲ್ದೆ ಬೀದೀಲಿ ಹೋಗ್ತಿದ್ದಾಗ ಎದುರಿಗೆ ಆಫೀಸರ್‌ಗಳು ಬರೋ ಹಾಗೆ. ನಮ್ಮಲ್ಲಿ ಹೆಂಗಸರು ಹೇಳೋದು ನೋಡಿ, ನೈಟಿಯಲ್ಲೇ ಬೀಗರ ಮುಂದೆ ನಿಂತಿದ್ದೆ ಅಂತ, ಅದೂ ಇದೇ ಜಾತಿ ಕನಸು. ಫ್ರಾಯ್ಡ್ ಗಮನಿಸಿದ ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ಸುತ್ತೆ: ಕನಸು ಕಾಣೋನಿಗೆ ಓಡಿ ಹೋಗಿ ಬಚ್ಚಿಟ್ಕೋಬೇಕು, ಕಾಲು ಮಾತ್ರ ಏಳಲ್ಲ, ಆದ್ರೆ ಸುತ್ತ ಇರೋ ಜನ ಸಾಮಾನ್ಯವಾಗಿ ಮುಖ ಗುರುತಿಲ್ಲದೋರು, ಅವರಿಗೆ ಇವನ ಕಡೆ ಗಮನಾನೇ ಇರಲ್ಲ. ಬಟ್ಟೆ ಇಲ್ದೆ ಓಡಾಡಿದ್ರೂ ನಾಚಿಕೆ ಇರದ ಬಾಲ್ಯಕ್ಕೆ ಮರಳೋ ಆಸೆ ಇದು ಅಂತ ಅವನು ಅರ್ಥ ಕಟ್ಟಿದ, ಆ ಅರ್ಥ ಎಲ್ಲರ ಕನಸಿಗೂ ಹೊಂದುತ್ತೆ ಅಂತ ನಾನು ಒಪ್ಪಲ್ಲ, ಆದ್ರೆ ಕಂಡಿದ್ದನ್ನ ಸರಿಯಾಗೇ ಕಂಡಿದಾನೆ.

ಹಾಗಾಗಿ ನಾನು ಯಾವಾಗ್ಲೂ ವಾಪಸ್ ಕೇಳೋದು ಒಂದೇ, ಕನಸಲ್ಲಿ ಬೇರೆಯವರು ಏನ್ ಮಾಡ್ತಿದ್ರು?

ಒಬ್ರು ಸರ್ಕಾರಿ ಶಾಲೆ ಮೇಷ್ಟ್ರು ಬರ್ತಿದ್ರು (ಅವರನ್ನ ಕೇಳೇ ಬರೀತಿದೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ). ಅವರ ಕನಸಲ್ಲಿ ಬೆಳಿಗ್ಗೆ ಪ್ರಾರ್ಥನೆ ಸಮಯ, ಮಕ್ಕಳು ಸಾಲಾಗಿ ನಿಂತಿದಾರೆ, ರಾಷ್ಟ್ರಗೀತೆ ಶುರುವಾಗಿದೆ, ಕೆಳಗೆ ನೋಡ್ಕೊಂಡ್ರೆ ಇಸ್ತ್ರಿ ಮಾಡಿದ ಶರ್ಟು, ಜೇಬಲ್ಲಿ ಪೆನ್ನು, ಸೊಂಟದ ಕೆಳಗೆ ಏನೂ ಇಲ್ಲ. ರಾಷ್ಟ್ರಗೀತೆ ನಡೀತಿರುವಾಗ ಅಲುಗಾಡೋ ಹಾಗೂ ಇಲ್ಲ, ಕೈ ಮುಂದೆ ತರೋ ಹಾಗೂ ಇಲ್ಲ. ಮಕ್ಕಳು ಏನ್ ಮಾಡ್ತಿದ್ರು ಸರ್ ಅಂದೆ. ಸ್ವಲ್ಪ ಯೋಚ್ನೆ ಮಾಡಿ, "ಹಾಡ್ತಾ ಇದ್ರು ಮೇಡಂ, ಯಾರೂ ನನ್ನ ನೋಡ್ಲಿಲ್ಲ, ಅಡುಗೆಯಮ್ಮ ಒಬ್ರೇ ಬಾಗಿಲಲ್ಲಿ ನಿಂತು ನೋಡ್ತಿದ್ರು" ಅಂದ್ರು. ಅಡುಗೆಯಮ್ಮ ಯಾಕೆ ಅಂತ ಕೇಳಿದ್ಮೇಲೆ ನಿಧಾನಕ್ಕೆ ಬಾಯಿಬಿಟ್ರು. ಹಿಂದಿನ ಹೆಡ್‌ಮಾಸ್ಟರು ರಿಟೈರ್ ಆದಾಗ ಇವರು ಚಾರ್ಜ್ ತಗೊಂಡಿದಾರೆ, ಬಿಸಿಯೂಟದ ಅಕ್ಕಿ ಬೇಳೆ ತೂಕ ಹಾಕಿಸ್ದೇನೇ ಸ್ಟಾಕ್ ರಿಜಿಸ್ಟರಿಗೆ ಸೈನ್ ಹಾಕಿದಾರೆ, ಆಮೇಲೆ ನೋಡಿದ್ರೆ ಮೂಟೆ ಕಮ್ಮಿ. ಅದು ಗೊತ್ತಿರೋದು ಇವರಿಗೆ ಮತ್ತೆ ಆ ಅಡುಗೆಯಮ್ಮನಿಗೆ ಮಾತ್ರ. ಒಂದು ಪೈಸೆ ತಿಂದವರಲ್ಲ, ಆದ್ರೂ ಕಳ್ಳ ಅನ್ಸಿಕೊಳ್ತೀನೇನೋ ಅಂತ ರಾತ್ರಿ ನಿದ್ದೆ ಇಲ್ಲ. ಆಮೇಲೆ ಅವರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಮುಂದೆ ತೂಕ ಹಾಕಿಸಿ, ಕಮ್ಮಿ ಇರೋದನ್ನ ಬರೆದು ಬಿಸಿಯೂಟ ನೋಡ್ಕೊಳ್ಳೋ ತಾಲ್ಲೂಕಿನ ಅಕ್ಷರ ದಾಸೋಹ ಆಫೀಸಿಗೆ ಲೆಟರ್ ಕೊಟ್ರು. ಕನಸು ಪೂರ್ತಿ ನಿಂತಿಲ್ಲ, ಅಪರೂಪ ಆಗಿದೆ.

ನನ್ನ ಉತ್ತರದ ತಿರುಳು ಇಲ್ಲೇ ಇದೆ. ಬಟ್ಟೆ ಹೋಗಿರೋದು ಮುಖ್ಯ ಅಲ್ಲ, ಯಾರ ಕಣ್ಣಿಗೆ ಹೆದರಿದೀರಿ ಅನ್ನೋದು ಮುಖ್ಯ. ಹೊಸ ಕೆಲಸ, ಹೊಸ ಸೊಸೆ, ಹೊಸ ಪ್ರಮೋಷನ್, ಮುಚ್ಚಿಟ್ಟ ಸಾಲ, ಇಂಥ ಹೊತ್ತಲ್ಲೇ ಈ ಕನಸಿನ ಮಾತು ನಾನು ಹೆಚ್ಚು ಕೇಳಿರೋದು, "ನಾನು ಇದಕ್ಕೆ ಲಾಯಕ್ಕಿಲ್ಲ ಅಂತ ಎಲ್ಲರಿಗೂ ಗೊತ್ತಾಗ್ಬಿಡುತ್ತೆ" ಅನ್ನೋ ಭಯ ಇರೋರಿಂದ. ಆದ್ರೆ ಜನ ನಾವು ಅಂದುಕೊಂಡಷ್ಟು ನಮ್ಮನ್ನ ನೋಡ್ತಿರಲ್ಲ. 2000ದಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ಥಾಮಸ್ ಗಿಲೋವಿಚ್ ಮತ್ತೆ ಅವರ ಜೊತೆಯವರು ಒಂದು ಪ್ರಯೋಗ ಪ್ರಕಟಿಸಿದ್ರು, ವಿದ್ಯಾರ್ಥಿಗಳಿಗೆ ಮುಜುಗರ ಆಗೋ ಚಿತ್ರ ಇರೋ ಟೀ ಶರ್ಟ್ ಹಾಕಿಸಿ ರೂಮಿನೊಳಗೆ ಕಳಿಸಿದ್ರು, ಹಾಕ್ಕೊಂಡವರು ಅರ್ಧದಷ್ಟು ಜನ ಗಮನಿಸಿರ್ತಾರೆ ಅಂದ್ರು, ನಿಜವಾಗಿ ಗಮನಿಸಿದ್ದು ಅದರ ಅರ್ಧದಷ್ಟು ಜನ. ಎಚ್ಚರ ಇದ್ದಾಗ್ಲೇ ಲೆಕ್ಕ ಇಷ್ಟು ತಪ್ಪುತ್ತೆ ಅಂದ್ಮೇಲೆ ನಿದ್ದೇಲಿ ಕೇಳ್ಬೇಕಾ. ಕನಸು ಹೆಚ್ಚಾಗಿ ಬೀಳೋ ರೆಮ್ ಅನ್ನೋ ಹಂತದ ನಿದ್ದೇಲಿ ಭಾವನೆಗೆ ಸಂಬಂಧಪಟ್ಟ ಮಿದುಳಿನ ಭಾಗಗಳು ಚುರುಕಾಗಿರ್ತವೆ, ತೂಗಿ ನೋಡೋ ಮುಂಭಾಗ ಮಂಕಾಗಿರುತ್ತೆ, ಮೈಯ ಸ್ನಾಯುಗಳು ಸಡಿಲ ಆಗಿರ್ತವೆ, ಓಡಕ್ಕಾಗಲ್ಲ ಅನ್ಸೋದಕ್ಕೂ ಇದಕ್ಕೂ ಸಂಬಂಧ ಇರ್ಬಹುದು. ಒಂದೊಂದ್ಸಲ ಹೊದಿಕೆ ಜಾರಿ ಚಳಿಯಾಗಿದ್ರೂ ಸಾಕು, ಎಲ್ಲಾ ಕನಸಿಗೂ ಆಳವಾದ ಅರ್ಥ ಹುಡುಕ್ಬೇಕಾಗಿಲ್ಲ.

ಕೆಲವರಿಗೆ ಕನಸಲ್ಲಿ ನಾಚಿಕೇನೇ ಆಗಲ್ಲ, ಹಗುರ ಅನ್ಸುತ್ತೆ. ಅದನ್ನ ಹೇಳಕ್ಕೆ ಇನ್ನೂ ಹೆದರ್ತಾರೆ ಪಾಪ. ಹೆದರ್ಬೇಡಿ, ಏನೋ ಒಂದು ಭಾರ ಇಳಿದಿರ್ಬಹುದು, ಇತ್ತೀಚೆಗೆ ಯಾರ ಹತ್ರ ಮನಸ್ಸು ಬಿಚ್ಚಿ ಮಾತಾಡಿದ್ರಿ ಅಂತ ನೆನಪು ಮಾಡ್ಕೊಳ್ಳಿ.

ಆದ್ರೆ ಒಂದು ಮಾತು ಗಂಭೀರವಾಗಿ ತಗೊಳ್ಳಿ. ಹಿಂದೆ ಯಾರಾದ್ರೂ ಮೈಮೇಲೆ ಕೈ ಹಾಕಿದ್ರೆ, ಫೋಟೋ ಇಟ್ಕೊಂಡು ಹೆದರಿಸಿದ್ರೆ, ಆಮೇಲೆ ಇಂಥ ಕನಸು ಪದೇ ಪದೇ ಬಂದು ಮಲಗಕ್ಕೇ ಭಯ ಆಗ್ತಿದ್ರೆ, ಅದು ನಾನು ಮೇಲೆ ಹೇಳಿದ ಮಾಮೂಲಿ ಕನಸಲ್ಲ. ಅದಕ್ಕೆ ಚಿಕಿತ್ಸೆ ಇದೆ: ಹಗಲು ಹೊತ್ತು ಆ ಕನಸಿನ ಕೊನೆಯನ್ನ ನಿಮಗೆ ಬೇಕಾದ ಹಾಗೆ ಬದಲಾಯಿಸಿ ಬರೆದು, ದಿನಾ ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಅದನ್ನೇ ನೋಡೋದು. ಇಂಥ ನೋವು ಇರೋರು ಒಬ್ರೇ ಮಾಡ್ಬೇಡಿ, ತಿಳಿದವರ ಜೊತೆ ಮಾಡಿ. ಎಲ್ಲಿಗೆ ಹೋಗ್ಬೇಕು ಗೊತ್ತಾಗ್ಲಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಕಾಲ್ ಮಾಡಿ, ದುಡ್ಡು ಕೊಡ್ಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.