ಸ್ಕಾಗೆನ್: ಮರಳಿನ ತುದಿಯ ಊರು

ಡೆನ್ಮಾರ್ಕಿನ ಜಟ್‌ಲ್ಯಾಂಡ್ ಪರ್ಯಾಯ ದ್ವೀಪವು ಉತ್ತರಕ್ಕೆ ಹೋಗುತ್ತ ಹೋಗುತ್ತ ಕಿರಿದಾಗಿ, ಕೊನೆಗೆ ಬೆರಳಿನಂತೆ ಬಾಗಿ ಸಮುದ್ರದಲ್ಲಿ ಮುಗಿಯುವಲ್ಲಿ ಸ್ಕಾಗೆನ್ ಎಂಬ ಪುಟ್ಟ ಊರಿದೆ. ಬರಹದಲ್ಲಿ ಸ್ಕಾಗೆನ್ ಎಂದಿದ್ದರೂ ಅಲ್ಲಿನವರ ಬಾಯಲ್ಲಿ ಅದು ಸ್ಕೇನ್. ಫ್ರೆಡರಿಕ್ಸ್‌ಹಾವ್ನ್‌ನಿಂದ ಇಲ್ಲಿಗೆ ರೈಲು ಬಂದದ್ದು 1890ರಲ್ಲಿ. ನಾವೂ ಜೂನ್ ತಿಂಗಳ ಒಂದು ಬೆಳಿಗ್ಗೆ ಅದೇ ಮಾರ್ಗದಲ್ಲಿ ಬಂದಿಳಿದೆವು. ನಿಲ್ದಾಣದಿಂದ ಹೊರಬಿದ್ದೊಡನೆ ಕಣ್ಣಿಗೆ ಬೀಳುವುದು ಮನೆಗಳ ಬಣ್ಣ: ಗೋಡೆಗಳಿಗೆ ಗಾಢ ಹಳದಿ, ಮಾಡಿಗೆ ಕೆಂಪು ಹೆಂಚು, ಹೆಂಚಿನ ಅಂಚಿಗುಂಟ ಸುಣ್ಣದ ಗಾರೆಯ ಬಿಳಿ ಪಟ್ಟಿ. ಬಂದರಿನ ಮೀನಿನ ವಾಸನೆ ಬೀದಿಯವರೆಗೂ ಬರುತ್ತದೆ. 1907ರಲ್ಲಿ ತೆರೆದ ಈ ಬಂದರಿನ ದಡದಲ್ಲಿ, ಹಿಂದೆ ಮೀನು ದಾಸ್ತಾನಿಡುತ್ತಿದ್ದ ಕೆಂಪು ಮರದ ಉಗ್ರಾಣಗಳು ಈಗ ಊಟದ ಮನೆಗಳಾಗಿವೆ.

ನಾವು ಮೊದಲು ಹೋದದ್ದು ಊರಿನ ನೈಋತ್ಯಕ್ಕಿರುವ ಹೂತುಹೋದ ಚರ್ಚಿಗೆ. ಪೈನ್ ಮರಗಳ ನಡುವಿನ ಹಾದಿಯಲ್ಲಿ ನಡೆದು ಹೋದರೆ, ಹುಲ್ಲು ಹೊದ್ದ ಮರಳ ದಿಬ್ಬಗಳ ಮೇಲೆ ಸುಣ್ಣ ಬಳಿದ ಒಂದು ಚೌಕ ಗೋಪುರ ಮಾತ್ರ ನಿಂತಿದೆ. ಕಡಲಿಗೆ ಹೋಗುವವರನ್ನು ಕಾಯುವ ಸಂತ ಲಾರೆನ್ಸನ ಹೆಸರಿನಲ್ಲಿ 14ನೇ ಶತಮಾನದಲ್ಲಿ ಕಟ್ಟಿದ ಈ ಚರ್ಚು ಆ ಸೀಮೆಯಲ್ಲೇ ದೊಡ್ಡದಾಗಿತ್ತು. ಮರ ಕಡಿದು, ದನಕುರಿ ಮೇಯಿಸಿ, ದಿಬ್ಬದ ಮೇಲಿನ ಹುಲ್ಲಿನ ಹೊದಿಕೆ ಹೋದ ಮೇಲೆ ಗಾಳಿಗೆ ಮರಳು ಸಡಿಲಗೊಂಡು ಹೊಲಗಳ ಮೇಲೂ ಮನೆಗಳ ಮೇಲೂ ಹರಿದು ಬಂತು. 18ನೇ ಶತಮಾನದ ಕೊನೆಯ ಹೊತ್ತಿಗೆ ಪ್ರಾರ್ಥನೆಗೆ ಬಂದವರು ಮೊದಲು ಸಲಿಕೆ ಹಿಡಿದು ಬಾಗಿಲ ಮುಂದಿನ ಮರಳನ್ನು ತೆಗೆದು ಒಳಹೋಗಬೇಕಾಗಿತ್ತು. 1795ರಲ್ಲಿ ಚರ್ಚನ್ನು ಮುಚ್ಚಿದರು, ಆಮೇಲೆ ಕಟ್ಟಡವನ್ನು ಕೆಡವಿ ಸಾಮಗ್ರಿಯನ್ನು ಮಾರಿದರು. ಗೋಪುರವನ್ನು ಉಳಿಸಿದ್ದು ಹಡಗಿನವರಿಗೆ ದಿಕ್ಕು ತೋರಿಸುವ ಗುರುತಾಗಿ ಅದು ಬೇಕಾಗಿದ್ದುದರಿಂದ.

ತಲಕಾಡಿನಲ್ಲಿ ಪಂಚಲಿಂಗ ದರ್ಶನಕ್ಕೆ ಮುಂಚೆ ಮರಳು ತೆಗೆಸುವುದನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನನಗೆ ಆ ಸಲಿಕೆಯ ಸಂಗತಿ ಸುಲಭವಾಗಿ ಅರ್ಥವಾಯಿತು. ದೇವರ ಮನೆಯ ಬಾಗಿಲನ್ನು ಕೈಯಾರೆ ತೋಡಿಕೊಂಡು ಒಳಹೋದವರು, ಅದನ್ನು ಇನ್ನು ತೋಡುವುದು ಬೇಡವೆಂದು ತೀರ್ಮಾನಿಸಿದ ದಿನ ಎಂಥ ಮನಸ್ಸಿನಲ್ಲಿ ಮನೆಗೆ ಮರಳಿರಬಹುದು ಎಂದು ಗೋಪುರದ ನೆರಳಿನಲ್ಲಿ ಬಹಳ ಹೊತ್ತು ಕುಳಿತು ಯೋಚಿಸಿದೆ. ಗೋಡೆಯ ಬುಡದಲ್ಲಿ ಮರಳು ಹಿಟ್ಟಿನಷ್ಟು ನುಣುಪಾಗಿತ್ತು. ಮುಷ್ಟಿಯಲ್ಲಿ ಹಿಡಿದರೆ ನಿಲ್ಲುತ್ತಿರಲಿಲ್ಲ.

ಮಧ್ಯಾಹ್ನ ಸ್ಕಾಗೆನ್ ಚಿತ್ರಶಾಲೆಯಲ್ಲಿ ಕಳೆಯಿತು. 1870ರ ದಶಕದಿಂದ ಇಲ್ಲಿಗೆ ಬೇಸಿಗೆಯಲ್ಲಿ ಚಿತ್ರಕಾರರು ಬಂದು ಬಿಡಾರ ಹೂಡುತ್ತಿದ್ದರು. ಅವರಿಗೆ ಬೇಕಾಗಿದ್ದುದು ಮೀನುಗಾರರ ಬದುಕು, ಜೊತೆಗೆ ಎರಡು ಕಡೆಯ ಕಡಲಿನಿಂದಲೂ ಪ್ರತಿಫಲಿಸಿ ಬರುವ ಬೆಳಕು. ಅವರು ತಂಗುತ್ತಿದ್ದ ಬ್ರೋಂಡುಮ್ ಹೋಟೆಲಿನ ಊಟದ ಕೋಣೆಯನ್ನೇ, ಗೋಡೆಗೆ ಕೂರಿಸಿದ ಅವರ ಚಿತ್ರಗಳ ಸಮೇತ, ಚಿತ್ರಶಾಲೆಯೊಳಕ್ಕೆ ತಂದು ಇಟ್ಟಿದ್ದಾರೆ. ಪ್ರಸಿದ್ಧವಾದದ್ದು ಪಿ. ಎಸ್. ಕ್ರೋಯರ್ 1893ರಲ್ಲಿ ಬಿಡಿಸಿದ, ಇಬ್ಬರು ಹೆಂಗಸರು ಸಂಜೆಯ ನೀಲಿ ದಂಡೆಯಲ್ಲಿ ನಮಗೆ ಬೆನ್ನು ಮಾಡಿ ನಡೆಯುವ ಚಿತ್ರ. ಆ ಇಬ್ಬರಲ್ಲಿ ಒಬ್ಬಳು ಅನ್ನಾ ಆಂಕರ್; ಆ ಬಳಗದ ಚಿತ್ರಕಾರರಲ್ಲಿ ಸ್ಕಾಗೆನ್‌ನಲ್ಲೇ, ಆ ಹೋಟೆಲಿನವರ ಮಗಳಾಗಿ ಹುಟ್ಟಿದವಳು ಅವಳೊಬ್ಬಳೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳೇ 1891ರಲ್ಲಿ ಬಿಡಿಸಿದ ನೀಲಿ ಕೋಣೆಯ ಚಿತ್ರ. ಪುಟ್ಟ ಹುಡುಗಿಯೊಬ್ಬಳು ಬೆನ್ನು ಮಾಡಿ ಕೂತು ಕೈಕೆಲಸದಲ್ಲಿ ಮಗ್ನಳಾಗಿದ್ದಾಳೆ. ಕಿಟಕಿಯ ಬಿಸಿಲು ನೀಲಿ ಗೋಡೆಯ ಮೇಲೆ ಚೌಕಗಳಾಗಿ ಬಿದ್ದಿದೆ. ಹೊರಗಿನಿಂದ ಬಂದವರು ದಂಡೆಯನ್ನು ಬಿಡಿಸಿದರೆ, ಊರಿನ ಮಗಳು ಅದೇ ಬೆಳಕನ್ನು ಮನೆಯೊಳಗೆ ಕಂಡಳು. ಇಡೀ ಚಿತ್ರಶಾಲೆಯಲ್ಲಿ ನನ್ನ ಮೆಚ್ಚಿಗೆ ಆ ಕೋಣೆಗೇ.

ಸಂಜೆ ಊರಿನ ಈಶಾನ್ಯಕ್ಕಿರುವ ಗ್ರೆನೆನ್ ತುದಿಗೆ ಹೊರಟೆವು. ದಾರಿಯಲ್ಲಿ 1858ರ ಬೂದು ದೀಪಸ್ತಂಭವಿದೆ. ಅದರ 46 ಮೀಟರ್ ಎತ್ತರದಿಂದ ನೋಡಿದರೆ ಭೂಮಿ ಎಷ್ಟು ತೆಳುವಾಗಿ ಕೊನೆಗೊಳ್ಳುತ್ತದೆಂಬುದು ತಿಳಿಯುತ್ತದೆ. ವಾಹನ ನಿಲ್ದಾಣದಿಂದ ತುದಿಯವರೆಗೆ ಟ್ರ್ಯಾಕ್ಟರ್ ಎಳೆಯುವ ಬಸ್ಸಿದ್ದರೂ ನಾವು ಮರಳಿನಲ್ಲಿ ನಡೆದೇ ಹೋದೆವು. ಅಲ್ಲಿ ಪಶ್ಚಿಮದ ಸ್ಕಾಗೆರಾಕ್, ಪೂರ್ವದ ಕಟ್ಟೆಗಾಟ್ ಎಂಬ ಎರಡು ಕಡಲುಗಳು ಸೇರುತ್ತವೆ. ಎರಡು ದಿಕ್ಕಿನಿಂದ ಓಡಿ ಬರುವ ಅಲೆಗಳು ಎದುರುಬದುರಾಗಿ ಬಡಿದು, ಬಿಳಿ ನೊರೆಯ ಒಂದು ಗೆರೆ ದೂರದವರೆಗೂ ಎದ್ದು ಬೀಳುತ್ತಿತ್ತು. ಸಂಗಮವೆಂದರೆ ಮುಳುಗು ಹಾಕುವ ಜಾಗವೆಂದೇ ತಿಳಿದ ನಮಗೆ ಇಲ್ಲಿ ಈಜುವುದು ನಿಷಿದ್ಧ. ನೀರಿನ ಸೆಳೆತ ಅಷ್ಟು ಬಲವಾಗಿದೆ. ಪಾದ ಮಾತ್ರ ಒದ್ದೆ ಮಾಡಿಕೊಂಡೆವು. ಸೂರ್ಯ ಮುಳುಗಿದಾಗ ರಾತ್ರಿ ಹತ್ತು ಗಂಟೆ ದಾಟಿತ್ತು.

ಮರುದಿನ ಹುಲ್ಸಿಗ್ ನಿಲ್ದಾಣದಲ್ಲಿ ಇಳಿದು ರೋಬ್ಯರ್ಗ್ ಮೀಲೆ ಎಂಬ ಮರಳ ಗುಡ್ಡಕ್ಕೆ ನಡೆದೆವು. ಸುಮಾರು ಒಂದು ಚದರ ಕಿಲೋಮೀಟರ್ ಹರಡಿ 40 ಮೀಟರ್‌ವರೆಗೆ ಏರುವ ಈ ಗುಡ್ಡವು ಪಶ್ಚಿಮದ ಗಾಳಿಗೆ ವರ್ಷಕ್ಕೆ 15ರಿಂದ 18 ಮೀಟರಿನಷ್ಟು ಈಶಾನ್ಯಕ್ಕೆ ಸರಿಯುತ್ತಿದೆ. ಉಳಿದೆಡೆ ಹುಲ್ಲು ನೆಟ್ಟು, ಪೈನ್ ಬೆಳೆಸಿ ಮರಳನ್ನು ಕಟ್ಟಿಹಾಕಿದ ಸರಕಾರವು, ಹಿಂದೆ ನಡೆದದ್ದು ಏನೆಂದು ಮುಂದಿನವರು ಕಣ್ಣಾರೆ ನೋಡಲೆಂದು ಇದೊಂದನ್ನು ಮುಟ್ಟದೆ ಬಿಟ್ಟಿದೆ. ಮೇಲೆ ಹತ್ತಿ ನಿಂತರೆ ಗಾಳಿಗೆ ಮರಳಿನ ಒಂದು ತೆಳು ಪದರ ಕಣಕಾಲಿನ ಎತ್ತರದಲ್ಲಿ ಹೊಗೆಯಂತೆ ಹರಿಯುತ್ತದೆ. ನಮ್ಮ ಹೆಜ್ಜೆಗುರುತುಗಳು ಹಿಂತಿರುಗಿ ನೋಡುವಷ್ಟರಲ್ಲಿ ಅರ್ಧ ತುಂಬಿರುತ್ತಿದ್ದವು. ಗುಡ್ಡದ ಮುಂಚೂಣಿ ಕಡಿದಾಗಿ ಇಳಿದು ಪೊದೆಗಳ ಮೇಲೆ ನಿಂತಿತ್ತು. ಒಂದು ಪೊದೆಯ ತುದಿ ಮಾತ್ರ ಹೊರಗಿದ್ದು, ಅದರಲ್ಲಿ ಇನ್ನೂ ಹಸಿರೆಲೆಗಳಿದ್ದವು.

ಇದೇ ವೇಗದಲ್ಲಿ ಸಾಗಿದರೆ ಇನ್ನೆರಡು ಶತಮಾನಗಳಲ್ಲಿ ಈ ಗುಡ್ಡವು ಸ್ಕಾಗೆನ್‌ಗೆ ಹೋಗುವ ಹೆದ್ದಾರಿಯನ್ನು ಮುಟ್ಟಬಹುದು ಎನ್ನುತ್ತಾರೆ. ಆ ಹೆದ್ದಾರಿಯನ್ನು ದಾಟಿ ನಾವು ನಿಲ್ದಾಣಕ್ಕೆ ಮರಳಿದೆವು.