ಫೋನು ಲಾಕರಿನಲ್ಲಿ, ಹಾಡು ಕಿವಿಯಲ್ಲಿ

ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಈಜಲು ಹೋಗುತ್ತೇನೆ. ಹೋದ ವರ್ಷ ತಂಗಿ ಒಂದು ಈಜುವ ಹೆಡ್‌ಫೋನ್ ಕೊಡಿಸಿದಳು. ತಲೆಯ ಹಿಂದಿನಿಂದ ಬಂದು ಕಿವಿಯ ಮುಂದಿನ ಎಲುಬಿನ ಮೇಲೆ ಕೂರುವಂಥದ್ದು. ಎಲುಬಿನ ಮೂಲಕವೇ ದನಿ ಒಳಗಿವಿಗೆ ಹೋಗುತ್ತದೆ. ಒಳಗೆ ಹಾಡು ತುಂಬಿಕೊಳ್ಳಲು 4 ಜಿಬಿ ಜಾಗ, ಹೊರಗೆ ಮೂರೇ ಗುಂಡಿ, ಸ್ಕ್ರೀನ್ ಇಲ್ಲ. ಅದು ಬಂದಾಗಿನಿಂದ ಒಂದು ದಿನವೂ ಈಜು ತಪ್ಪಿಸಬೇಕು ಅನ್ನಿಸಿಲ್ಲ.

ಬ್ಲೂಟೂತ್ ಇದ್ದರೆ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ, ಅವನ್ನು ನೀರು ಹೀರಿಬಿಡುತ್ತದೆ. ತಲೆ ಮುಳುಗಿತೋ, ದಡದಲ್ಲಿಟ್ಟ ಫೋನಿನ ಹಾಡು ಅಲ್ಲಿಗೇ ನಿಂತಿತು. ಹಾಗಾಗಿ ಹಾಡು ಕಿವಿಯ ಪಕ್ಕದಲ್ಲೇ ಇರಬೇಕು.

4 ಜಿಬಿ ತೀರಾ ಕಮ್ಮಿ ಅಲ್ವಾ ಅಂತ ನನಗೂ ಅನ್ನಿಸಿತ್ತು. ಹಿಂಡಿ ಚಿಕ್ಕದು ಮಾಡಿದ ಎಂಪಿ3 ಫೈಲು, ಸೆಕೆಂಡಿಗೆ 128 ಕಿಲೋಬಿಟ್ (ಕೆಬಿಪಿಎಸ್) ಆದರೆ ನಿಮಿಷಕ್ಕೆ ಸುಮಾರು 1 ಎಂಬಿ, ಅಂದರೆ 60 ಗಂಟೆ ದಾಟುತ್ತದೆ. ಸಿಡಿಯಲ್ಲಿರುವುದನ್ನು ಹಿಂಡದೆ ಹಾಗೇ ಹಾಕಿದರೆ ನಿಮಿಷಕ್ಕೆ 10 ಎಂಬಿ ಬೇಕು. ಕೈಕಾಲು ಬಡಿಯುವಾಗ ನನಗಂತೂ ಎರಡಕ್ಕೂ ವ್ಯತ್ಯಾಸ ಕೇಳಿಸಿಲ್ಲ.

ನಿಜವಾಗಿ ಸತಾಯಿಸಿದ್ದು ಹಾಡಿನ ಸರದಿ. ಒಂದು ಸಂಗೀತ ಕಚೇರಿಯನ್ನು ಕೃತಿಗೆ ಒಂದರಂತೆ ತುಂಡು ಮಾಡಿ, 01, 02 ಅಂತ ಹೆಸರಿಟ್ಟು, ಜೋಪಾನವಾಗಿ ಹಾಕಿದ್ದೆ. (ತುಂಡು ಮಾಡಲೇಬೇಕು. ಒಂದೂವರೆ ಗಂಟೆಯ ಒಂದೇ ಫೈಲ್ ಹಾಕಿದರೆ ನಡುವಿನ ಆಲಾಪನೆಗೆ ಹೋಗಲು ದಾರಿಯೇ ಇಲ್ಲ.) ನೀರಿಗಿಳಿದರೆ ಕೊನೆಗೆ ಬರಬೇಕಾದ ಮಂಗಳ ಮೊದಲು, ವರ್ಣ ಆಮೇಲೆ! ವಾರವಿಡೀ ಒದ್ದಾಡಿದ ಮೇಲೆ ತಿಳಿಯಿತು, ನನ್ನ ಈ ಸಾಧನ ಹೆಸರು ನೋಡುವುದೇ ಇಲ್ಲ, ಯಾವ ಫೈಲ್ ಮೊದಲು ಕಾಪಿ ಆಯಿತೋ ಅದನ್ನೇ ಮೊದಲು ನುಡಿಸುತ್ತದೆ. ಈಗ ಎಲ್ಲ ಅಳಿಸಿ, ಒಂದೊಂದಾಗಿ ಸರದಿಯಂತೆ ಹಾಕುತ್ತೇನೆ. ಹಣ ಕಟ್ಟಿ ಕೇಳುವ ಆಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ ಹಾಡು ಇಲ್ಲಿಗೆ ಬರುವುದಿಲ್ಲ, ಅವಕ್ಕೆ ಬೀಗ ಹಾಕಿರುತ್ತಾರೆ. ಹಾಗಾಗಿ ಹಳೆಯ ಸಿಡಿಗಳನ್ನೆಲ್ಲ ಅಟ್ಟದಿಂದ ಇಳಿಸಿದೆ.

ಆಮೇಲೆ ಅಮ್ಮನ ವಾಯ್ಸ್ ಮೆಸೇಜುಗಳು. ಅಮ್ಮ ಇರುವುದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಟೈಪ್ ಮಾಡುವುದಿಲ್ಲ, ಎಲ್ಲ ವಾಟ್ಸಾಪಿನಲ್ಲಿ ಹೇಳಿ ಕಳಿಸುತ್ತಾಳೆ. "ಮಳೆ ಬಂತು ಮಾರಾಯ್ತಿ, ಅಡಿಕೆ ಎಲ್ಲ ಅಂಗಳದಲ್ಲೇ ಇತ್ತು" ಅಂತ ಶುರುವಾಗಿ ಒಮ್ಮೊಮ್ಮೆ ಹಸೆಗೆ ಕರೆಯುವ ಹಾಡಿನವರೆಗೂ ಹೋಗುತ್ತದೆ. ಅವು ಓಪಸ್ ಅನ್ನುವ ಬಗೆಯ ಫೈಲುಗಳು, ನನ್ನ ಹೆಡ್‌ಫೋನಿಗೆ ಗೊತ್ತಾಗಲಿಲ್ಲ. ಎಂಪಿ3 ಮಾಡಿ ಹಾಕಿದೆ. ಬರೀ ಮಾತಿಗೆ 64 ಕೆಬಿಪಿಎಸ್ ಮೋನೋ (ಎರಡು ಕಿವಿಗೂ ಒಂದೇ ದನಿ) ಧಾರಾಳ ಆಯಿತು, ನಿಮಿಷಕ್ಕೆ ಅರ್ಧ ಎಂಬಿ. ಈಗ ಎರಡು ಕೃತಿಗಳ ನಡುವೆ ಅಮ್ಮ ಬರುತ್ತಾಳೆ.

ಇಂಥ ಜಾಗ ಒಂದು ಕಾಲಕ್ಕೆ ಮಾಮೂಲಿ ಇಯರ್‌ಬಡ್‌ಗಳಲ್ಲೂ ಇತ್ತು. 2014ರಲ್ಲಿ ಜನರಿಂದ ಹಣ ಕೂಡಿಸುವ ತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಹಣ ಎತ್ತಿದ ಬ್ರಾಗಿ ಡ್ಯಾಶ್‌ನಲ್ಲಿ 4 ಜಿಬಿ ಇತ್ತು, 2016ರ ಸ್ಯಾಮ್‌ಸಂಗ್ ಗೇರ್ ಐಕಾನ್‌ಎಕ್ಸ್‌ನಲ್ಲೂ ಇತ್ತು. 2019ರಲ್ಲಿ ಅದೇ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಬಡ್ಸ್ ಬಂದಾಗ ತೆಗೆದುಹಾಕಿದರು. ಫೋನು ಹೇಗೂ ಜೇಬಿನಲ್ಲಿ ಇರುತ್ತದಲ್ಲ ಅನ್ನುವ ಲೆಕ್ಕ ಇರಬಹುದು. ನನಗೆ ಅದು ತಪ್ಪು ಲೆಕ್ಕ ಅನ್ನಿಸುತ್ತದೆ. ಈಜುವವರಿಗೆ ಜೇಬಿಲ್ಲ, ನಮ್ಮ ತೋಟದ ಕೆಳಗಿನ ತುದಿಯಲ್ಲಿ ನೆಟ್‌ವರ್ಕ್ ಇಲ್ಲ.

ದೀಪಾವಳಿಗೆ ಊರಿಗೆ ಹೋಗುವಾಗ ಅಮ್ಮನಿಗೂ ಒಂದು ಒಯ್ಯುತ್ತೇನೆ. ಕಿವಿ ಮುಚ್ಚುವುದಿಲ್ಲವಾದ್ದರಿಂದ ತೋಟದಲ್ಲಿ ಹಾಕಿಕೊಂಡರೂ ಯಾರಾದರೂ ಕೂಗಿದರೆ ಕೇಳುತ್ತದೆ. ಯಾವ ಗುಂಡಿ ಯಾವುದಕ್ಕೆ ಅಂತ ತಿಳಿಯಲು ನೈಲ್ ಪಾಲಿಷ್‌ನಲ್ಲಿ ಚುಕ್ಕೆ ಇಡಬೇಕು. ಈ ಸಲ ಅವಳ ಹಾಡುಗಳ ನಡುವೆ ನನ್ನ ಮಾತು ಹಾಕುತ್ತೇನೆ.